ಬಲೆಯಕ್ಕ ಇಂಗ್ಲಿಷ್ ಕಲಿತದ್ದು

ಬಲೆಯಕ್ಕನಿಗೆ ಇಂಗ್ಲಿಷ್ ಕಲಿಯುವ ಆಸೆ ಯಾವತ್ತೂ ಇರಲಿಲ್ಲ. ಅವಳು ಕಲಿತದ್ದು ಸಿಟ್ಟಿಗೆ. ನಲವತ್ತಾರನೆಯ ವಯಸ್ಸಿನಲ್ಲಿ, ಎಷ್ಟು ತೊಳೆದರೂ ಮೀನಿನ ವಾಸನೆ ಬಿಡದ ಕೈಯಲ್ಲಿ ಪೆನ್ಸಿಲ್ ಹಿಡಿದು, ಮಗಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಕಲಿತಳು. ಕಲಿತದ್ದಾದರೂ ಎಂಥ ಇಂಗ್ಲಿಷ್! ‘ಹೇಗಿದ್ದೀರಿ’ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಇವತ್ತಿಗೂ ತಡವರಿಸುತ್ತಾಳೆ. ಆದರೆ ಗಡಿ, ಒಡೆತನ, ಅತಿಕ್ರಮಣ, ಕದನವಿರಾಮ, ವಿವಾದಿತ ಜಲಪ್ರದೇಶ, ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ.

ಬಂದರಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಹರಿದ ಬಲೆಗಳನ್ನು ಹೆಣೆದು ಸರಿಮಾಡುವುದು ಅವಳ ಕೆಲಸ. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ನೂಲು ಸುತ್ತಿದ ಚಪ್ಪಟೆ ಸೂಜಿ ಹಿಡಿದು ಕೂತಳೆಂದರೆ ಸಂಜೆಯವರೆಗೆ ಅದೇ ಭಂಗಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಕರೆಯುವವರು ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಒದ್ದೆ ಬಲೆಯನ್ನು ಹಾಗೇ ತಂದು ಎಸೆದು ಹೋದವರನ್ನು ಅವಳು ಬೈಯತೊಡಗಿದರೆ ಮೂರನೆಯ ಶೆಡ್ಡಿನವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಗಂಡ ಅದಕ್ಕೆ ತದ್ವಿರುದ್ಧ. ಮಾತು ಕಡಿಮೆ, ಗರ್ವ ಹೆಚ್ಚು. ಐದು ಜನರ ದೋಣಿಗೆ ಚುಕ್ಕಾಣಿ ಹಿಡಿಯುವವನು. ಬೇರೆಯವರು ದಿಕ್ಕು ತೋರಿಸುವ ಯಂತ್ರ ನೋಡುತ್ತ ಹೋದರೆ, ಇವನು ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ನೀರಿನ ಬಣ್ಣ ನೋಡಿ ಹೋಗುವವನು.

ಆ ದೋಣಿ ಸಿಕ್ಕಿಬಿದ್ದು ಏಳು ತಿಂಗಳಾಗಿತ್ತು. ಸಮುದ್ರದ ಆಚೆ ಇನ್ನೊಂದು ದೇಶ, ನಡುವೆ ಒಂದು ಗೆರೆ. ಗೆರೆ ನೀರಿನ ಮೇಲೆ ಕಾಣುವುದಿಲ್ಲ, ನಕ್ಷೆಯಲ್ಲಿ ಕಾಣುತ್ತದೆ. ಅದೂ ಎರಡು ದೇಶಗಳ ನಕ್ಷೆಯಲ್ಲಿ ಎರಡು ಕಡೆ. ಇವರು ಮೀನು ಹಿಡಿಯುವ ರೀತಿ ಹೇಗೆಂದರೆ, ಬಲೆಯನ್ನು ಇಳಿಬಿಟ್ಟು ಒಂದು ತುದಿಯನ್ನು ದೋಣಿಗೆ ಕಟ್ಟಿ ಎಂಜಿನ್ ಆರಿಸಿಬಿಡುತ್ತಾರೆ. ಆಮೇಲೆ ನೀರು ಹೋದ ಕಡೆ ಬಲೆ, ಬಲೆ ಹೋದ ಕಡೆ ದೋಣಿ. ಗಂಡಸರು ಉಂಡು ಮಲಗುತ್ತಾರೆ. ಹಾಗೆ ಮಲಗಿದ್ದ ಐವರನ್ನು ಆಚೆ ದೇಶದ ಗಸ್ತಿನ ಹಡಗು ಎಬ್ಬಿಸಿ, ಹಿಡಿದುಕೊಂಡು ಹೋಗಿ ಜೈಲಿಗೆ ಹಾಕಿತ್ತು.

ಎರಡೂ ದೇಶಗಳ ಅಧಿಕಾರಿಗಳು ಸೇರಿದ ಒಂದು ಸಮಿತಿ ಒಂದು ದಿನ ಬಂದರಿಗೆ ಬಂತು, ಒಳಗಿದ್ದವರ ಮನೆಯವರನ್ನು ಕಂಡು ಮಾತಾಡಲು. ಅವರ ಭಾಷೆ ಇವರಿಗೆ ಬಾರದು, ಇವರದು ಅವರಿಗೆ ಬಾರದು. ಮಾತೆಲ್ಲ ಇಂಗ್ಲಿಷಿನಲ್ಲಿ. ಹೆಂಗಸರು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಲು ನಮ್ಮ ಕಡೆಯ ಅಧಿಕಾರಿಯೊಬ್ಬ ಕೂತಿದ್ದ, ಚಿನ್ನದ ಬಣ್ಣದ ಕನ್ನಡಕದವನು. ಬಲೆಯಕ್ಕ ಎದ್ದು ನಿಂತು ಹತ್ತು ನಿಮಿಷ ಮಾತಾಡಿದಳು. ಗಂಡ ಎಷ್ಟು ನುರಿತವನು ಎನ್ನುವುದರಿಂದ ಹಿಡಿದು, ಬಲೆ ಹೇಗೆ ತೇಲುತ್ತದೆ, ಎಂಜಿನ್ ಯಾಕೆ ಆರಿಸುತ್ತಾರೆ, ಅವನಿಗೆ ಎದೆನೋವಿನ ಮಾತ್ರೆ ತಪ್ಪಿಸುವಂತಿಲ್ಲ ಎನ್ನುವುದರ ತನಕ ಎಲ್ಲ ಹೇಳಿದಳು. ಕನ್ನಡಕದವನು ಗಂಟಲು ಸರಿಮಾಡಿಕೊಂಡು ಒಂದೂವರೆ ಸಾಲು ಇಂಗ್ಲಿಷ್ ಹೇಳಿ ಸುಮ್ಮನಾದ. ಆಚೆಯವರು ಬರೆದುಕೊಂಡರು. ಮುಂದಿನವರು ಬನ್ನಿ ಎಂದರು.

“ನಾನು ಇಷ್ಟುದ್ದ ಮಾತಾಡಿದೆ. ನೀವು ಇಷ್ಟೇನಾ ಹೇಳಿದ್ದು?” ಎಂದು ಅವಳು ಕೇಳಿದಳು.

“ಸಾರಾಂಶ ಹೇಳಿದೆ ಕಣಮ್ಮ. ಕೂತ್ಕೊಳ್ಳಿ,” ಎಂದ.

ಮನೆಗೆ ಬಂದ ಬಲೆಯಕ್ಕ ನೀರು ಕೂಡ ಕುಡಿಯಲಿಲ್ಲ. ಏಳು ತಿಂಗಳ ಸಂಕಟವನ್ನು ಒಂದೂವರೆ ಸಾಲಿಗೆ ಇಳಿಸುವ ಆ ಸಾರಾಂಶ ಏನೆಂದು ತಿಳಿಯದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ತೀರ್ಮಾನಿಸಿದಳು.

ಪೇಟೆಯಲ್ಲಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸರ್ಕಾರಿ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುತ್ತಿದ್ದರು. ಅವಳನ್ನು ಬಾಗಿಲಲ್ಲಿ ಕಂಡು, “ಮಗಳನ್ನ ಸೇರಿಸ್ಬೇಕಾ?” ಎಂದು ಕೇಳಿದರು.

“ನನ್ನನ್ನೇ ಸೇರಿಸ್ಕೊಳ್ಳಿ.”

“ಇಲ್ಲಿ ಎಬಿಸಿಡಿ ಹೇಳ್ಕೊಡಲ್ಲ ತಾಯಿ.”

“ಎಬಿಸಿಡಿ ನನಗೆ ಬರುತ್ತೆ, ಏಳನೇ ಕ್ಲಾಸು ಓದಿದೀನಿ. ಎರಡು ದೇಶ ಒಂದೇ ನೀರಿಗೆ ಕಿತ್ತಾಡೋವಾಗ ಏನೇನು ಮಾತು ಆಡ್ತವೋ, ಅಷ್ಟು ಹೇಳ್ಕೊಡಿ ಸಾಕು. ಬೇರೆ ಇಂಗ್ಲಿಷು ನನಗೆ ಬೇಡ.”

ಮೇಷ್ಟ್ರಿಗೆ ನಗು ಬಂದಿತ್ತೋ ಏನೋ, ಅವಳ ಮುಖ ನೋಡಿ ನುಂಗಿಕೊಂಡರು. ಅವರ ಪಾಠದಲ್ಲಿ ‘ಪ್ರಪಂಚದ ಆಗುಹೋಗು’ ಎಂಬ ಭಾಗವೇ ಇತ್ತು. ವಾರಕ್ಕೆ ಮೂರು ಸಂಜೆ ಬಾ ಎಂದರು.

ಹಾಗೆ ಶುರುವಾಯಿತು. ‘ಸಾವರಿನ್ಟಿ’ ಅಂದರೆ ಈ ನೆಲಕ್ಕೆ ನಾನೇ ಯಜಮಾನ, ಕೇಳೋಕೆ ನೀನ್ಯಾರು ಅನ್ನುವುದು. ‘ಬಫರ್ ಜೋನ್’ ಅಂದರೆ ಜಗಳಗಂಟರಿಬ್ಬರ ನಡುವೆ ಯಾರೂ ಕಾಲಿಡಬಾರದ ಜಾಗ. ‘ಸ್ಟೇಟಸ್ ಕೋ’ ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವುದು.

“ಅಂದ್ರೆ ಒಳಗಿರೋರು ಒಳಗೇ ಇರ್ಲಿ ಅಂತ,” ಎಂದಳು ಬಲೆಯಕ್ಕ. ಮೇಷ್ಟ್ರು ಹಲಗೆ ಒರೆಸಿದರು.

ಶೆಡ್ಡಿನ ತಗಡಿನ ಮೇಲೆ ಅವಳು ಸೀಮೆಸುಣ್ಣದಿಂದ ಶಬ್ದಗಳನ್ನು ಬರೆದುಕೊಂಡಳು. ಬಲೆಯ ಒಂದೊಂದು ಕಣ್ಣು ಹೆಣೆಯುವಾಗಲೂ ಒಂದೊಂದು ಶಬ್ದ ಹೇಳಿಕೊಳ್ಳುವಳು. ಮೀನು ತರುವವರು, “ಅಕ್ಕ ಮಂತ್ರ ಹಾಕ್ತಾ ಇದಾಳೆ, ದೂರ ನಿಲ್ಲಿ,” ಎಂದು ನಗುತ್ತಿದ್ದರು. ನಗಲಿ. ಅವಳಿಗೆ ತಾನು ಕಲಿಯುತ್ತಿದ್ದ ಮಾತುಗಳ ಮೇಲೇ ಕೆಂಡದಂಥ ಸಿಟ್ಟಿತ್ತು. ಮನುಷ್ಯರನ್ನು ಹಿಡಿದು ಕೂಡಿಹಾಕುವುದಕ್ಕೆ ಒಂದು ನಯವಾದ ಶಬ್ದ, ಇನ್ನೊಬ್ಬರ ನೆಲ ನುಂಗುವುದಕ್ಕೆ ಇನ್ನೊಂದು ನಯವಾದ ಶಬ್ದ. ಇಷ್ಟು ನುಣುಪಾಗಿ ಬೈಯಲು ತನಗೂ ಬಂದಿದ್ದರೆ ತಾನೂ ಮಂತ್ರಿಯಾಗುತ್ತಿದ್ದೆ ಎಂದು ಗೊಣಗುವಳು.

ಒಂದು ಸಂಜೆ ಮೇಷ್ಟ್ರು ಚರ್ಚೆ ಇಟ್ಟರು. ವಿಷಯ, ಸಮುದ್ರದ ಗಡಿ. ಇಸ್ತ್ರಿ ಮಾಡಿದ ಷರ್ಟಿನ ಹುಡುಗನೊಬ್ಬ ಎದ್ದು ಇಂಗ್ಲಿಷಿನಲ್ಲಿ ಲೀಲಾಜಾಲವಾಗಿ ಮಾತಾಡಿದ. ಬಲೆಯಕ್ಕನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಬಂಧನದಲ್ಲಿರುವ ಮೀನುಗಾರರು ಎರಡೂ ಸರ್ಕಾರಗಳಿಗೆ ‘ಬಾರ್ಗೇನಿಂಗ್ ಚಿಪ್’ ಎಂದು ಅವನು ಹೇಳಿದ್ದು ಕಿವಿಗೆ ಬಿತ್ತು.

“ಹಾಗಂದ್ರೇನು ಮೇಷ್ಟ್ರೇ?”

ಮೇಷ್ಟ್ರು ತಡವರಿಸಿದರು. “ಅಂದ್ರೆ… ಚೌಕಾಸಿಗೆ ಕೈಯಲ್ಲಿ ಇಟ್ಕೊಳ್ಳೋ ವಸ್ತು. ನೀನು ಅದು ಕೊಟ್ರೆ ನಾನು ಇದು ಬಿಡ್ತೀನಿ ಅನ್ನೋಕೆ.”

ಬಲೆಯಕ್ಕ ಎದ್ದು ನಿಂತಳು. ಬೆಂಚು ಹಿಂದಕ್ಕೆ ಬಿತ್ತು. “ಏಯ್, ಷರ್ಟು! ನಿಮ್ಮಪ್ಪನ್ನ ಹಿಡ್ಕೊಂಡು ಹೋಗಿ ಚೌಕಾಸಿಗೆ ಇಟ್ರೆ ಆಗ ಈ ಮಾತು ಬರುತ್ತಾ ನಿನ್ನ ಬಾಯಲ್ಲಿ? ನಮ್ಮನೆಯವರಿಗೆ ಎದೆನೋವಿದೆ. ಮಾತ್ರೆ ಕೊಡ್ತಾರೋ ಇಲ್ವೋ ಗೊತ್ತಿಲ್ಲ. ನಿನಗೆ ಇಲ್ಲಿ ಮಾರ್ಕ್ಸು ಬೇಕು!”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಹುಡುಗ ಬೆವರಿದ, ಕ್ಷಮಿಸಿ ಆಂಟಿ ಎಂದ. ಪಾಪ, ಅವನದೇನು ತಪ್ಪು, ಪುಸ್ತಕದಲ್ಲಿದ್ದದ್ದನ್ನು ಹೇಳಿದ್ದ. ಅದು ಬಲೆಯಕ್ಕನಿಗೂ ಗೊತ್ತಿತ್ತು. ಆದರೂ ಬೆಂಚನ್ನು ಎತ್ತಿ ನಿಲ್ಲಿಸಲಿಲ್ಲ.

ಮೂರು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಹನ್ನೊಂದು ಸಲ ಕಚೇರಿಗೆ ಅಲೆದು, ಅಂದಿನ ಸಭೆಯ ನಡಾವಳಿಯ ಒಂದು ಪ್ರತಿಯನ್ನು ಅವಳು ಗುಮಾಸ್ತನ ಕೈಯಿಂದ ಕಿತ್ತುಕೊಂಡಂತೆ ತಂದಿದ್ದಳು. ನಾಲ್ಕು ಹಾಳೆ, ಪೂರಾ ಇಂಗ್ಲಿಷ್. ಬಲೆಯನ್ನು ಪಕ್ಕಕ್ಕೆ ಸರಿಸಿ, ನಿಘಂಟು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು ಓದಿದಳು. ಎರಡನೆಯ ಹಾಳೆಯಲ್ಲಿ ಅವಳಿದ್ದಳು. ಅದರ ಅರ್ಥ ಇಷ್ಟು: ‘ದೋಣಿಯ ಚಾಲಕನ ಪತ್ನಿಯು, ತನ್ನ ಪತಿಗೆ ಗಡಿರೇಖೆ ಎಲ್ಲಿದೆಯೆಂಬ ಪೂರ್ಣ ಅರಿವು ಇತ್ತೆಂದು ದೃಢಪಡಿಸಿದರು.’ ಅದರ ಕೆಳಗೆ ಆಚೆ ದೇಶದವರ ಷರಾ: ಆದ್ದರಿಂದ ಇವರು ತಿಳಿದೇ ಗಡಿ ದಾಟಿದವರು, ಬಿಡುಗಡೆ ಮಾಡಬೇಕಾದವರ ಪಟ್ಟಿಗೆ ಸೇರಿಸಲಾಗದು.

ಬಲೆಯಕ್ಕ ಅದನ್ನು ಮೂರು ಸಲ ಓದಿದಳು. ಮೋಸ ಎನ್ನೋಣವೆಂದರೆ ಅದು ಮೋಸವಲ್ಲ, ಅವಳೇ ಆಡಿದ ಮಾತು. “ನಮ್ಮನೆಯವರನ್ನ ಕಣ್ಣು ಕಟ್ಟಿ ಬಿಟ್ರೂ ಗೆರೆ ಎಲ್ಲಿದೆ ಅಂತ ಹೇಳ್ತಾರೆ,” ಎಂದು ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ್ದಳು. ಆ ಬಂದರಿನಲ್ಲಿ ಯಾವ ಹೆಂಗಸಾದರೂ ಅದನ್ನೇ ಹೇಳುತ್ತಿದ್ದಳು. ಅಲ್ಲಿ ಚುಕ್ಕಾಣಿ ಹಿಡಿಯುವವನನ್ನು ಕುಡುಕ ಎನ್ನಬಹುದು, ಒರಟ ಎನ್ನಬಹುದು. ದಿಕ್ಕು ತಪ್ಪಿದ ಎನ್ನುವಂತಿಲ್ಲ. ಸಮುದ್ರಕ್ಕೆ ಹೋಗಿ ಬಾರದೇ ಇದ್ದವನ ಬಗ್ಗೆಯೂ ಸಮುದ್ರ ಕರೆದುಕೊಂಡಿತು ಎನ್ನುತ್ತಾರೆಯೇ ಹೊರತು ದಿಕ್ಕು ತಪ್ಪಿದ ಎಂದು ಅವನ ಶತ್ರುವೂ ಹೇಳುವುದಿಲ್ಲ. ಗಂಡನ ಪರವಾಗಿ ಮಾತಾಡಲು ಹೋದವಳು ಮೊದಲು ಅವನ ಮಾನ ಕಾಪಾಡಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನ ಅವಳು ಕನ್ನಡಕದವನ ಮೇಜಿನ ಮುಂದೆ ನಿಂತಿದ್ದಳು.

“ಬಲೆ ತೇಲಿದ್ದು, ಎಂಜಿನ್ ಆರಿಸಿದ್ದು, ನಿದ್ದೆ ಮಾಡ್ತಿದ್ದದ್ದು, ಎದೆನೋವು. ಇದ್ಯಾವುದೂ ಇಲ್ಲ ಇದರಲ್ಲಿ. ಇಷ್ಟುದ್ದದ ಮಾತಲ್ಲಿ ನಿಮಗೆ ಸಿಕ್ಕಿದ್ದು ಇದೊಂದೇನಾ?”

“ನೀವೇ ಹೇಳಿದ್ದಲ್ವೇನಮ್ಮ? ನಾನು ಸುಳ್ಳು ಬರೆದಿದೀನಾ?”

“ಬರೆದಿಲ್ಲ. ಸುಳ್ಳು ಬರೆಯೋಕೆ ಸ್ವಲ್ಪ ಶ್ರಮ ಆದ್ರೂ ಪಡ್ಬೇಕಿತ್ತು. ನೀವು ಅಷ್ಟೂ ಪಟ್ಟಿಲ್ಲ!”

ಅವನು ಗಂಟೆ ಒತ್ತಿ ಜವಾನನನ್ನು ಕರೆದ. ಜವಾನ ಬರುವ ಮೊದಲೇ ಅವಳು ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು, ಒಂದೇ ಒಂದು ಏಟು, ಚಟಾರನೆ. ಕಾಯುತ್ತಿದ್ದವರು ತಿರುಗಿ ನೋಡಿದರು.

ಮೇಷ್ಟ್ರು ಹಾಳೆಗಳನ್ನು ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಸಮಿತಿ ಮುಂದಿನ ತಿಂಗಳು ಮತ್ತೆ ಬರುವುದಿತ್ತು. “ಗೊತ್ತಿಲ್ಲದೆ ಗಡಿ ದಾಟಿದವರನ್ನ ಮಾತ್ರ ಬಿಡ್ತಾರೆ. ಹಾಗಂತ ಎರಡೂ ಕಡೆ ಒಪ್ಪಂದ ಇದೆ. ನೀನು ಈಗ ಒಂದೇ ಮಾತು ಹೇಳ್ಬೇಕು. ಅವರಿಗೆ ದಿಕ್ಕು ತಪ್ತು ಅಂತ.”

“ದಿಕ್ಕು ತಪ್ಪಿಲ್ಲ ಮೇಷ್ಟ್ರೇ, ನೀರು ಎಳ್ಕೊಂಡು ಹೋಯ್ತು.”

“ಗೆರೆ ಗೊತ್ತಿದ್ದ ಮೇಲೆ ಅದರ ಹತ್ರ ಬಲೆ ಯಾಕೆ ಬಿಟ್ರು ಅಂತ ಕೇಳ್ತಾರೆ. ಏನು ಹೇಳ್ತೀಯ?”

“ಗೆರೆ ಎಲ್ಲಿದೆ ಅಂತ ಆ ಎರಡು ಸರ್ಕಾರಕ್ಕೇ ಗೊತ್ತಿಲ್ಲ! ಮೂವತ್ತು ವರ್ಷದಿಂದ ಕೋಟು ಹಾಕ್ಕೊಂಡು ಕೂತು ಮಾತಾಡ್ತಾನೇ ಇದಾರೆ. ನನ್ನ ಗಂಡನಿಗೆ ಮಾತ್ರ ಗೊತ್ತಿರಬೇಕು, ಗೊತ್ತಿದ್ರೆ ಅದೇ ಅಪರಾಧ ಆಗ್ಬೇಕು. ಇದ್ಯಾವ ನ್ಯಾಯ?”

“ನ್ಯಾಯ ಅಲ್ಲ,” ಎಂದರು ಮೇಷ್ಟ್ರು. “ನಿನಗೆ ನ್ಯಾಯ ಬೇಕೋ, ಗಂಡ ಬೇಕೋ?”

ಇದನ್ನು ಕೇಳಿದ ಗಂಡನ ಅಣ್ಣ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಕೂಗಾಡಿದ. ಅವನೂ ಒಂದು ಕಾಲದಲ್ಲಿ ಚುಕ್ಕಾಣಿ ಹಿಡಿದವನೇ. “ನಮ್ಮ ವಂಶದಲ್ಲಿ ದಿಕ್ಕು ತಪ್ಪಿದೋನು ಯಾರೂ ಇಲ್ಲ. ನೀನು ನಾಲ್ಕು ಜನರ ಮುಂದೆ ಹಾಗಂದ್ರೆ ನನ್ನ ತಮ್ಮ ಬದುಕಿದ್ದೂ ಸತ್ತ ಹಾಗೆ. ಬಾಯಿ ಬಿಗಿ ಹಿಡಿ.”

“ಭಾವ, ನಿಮ್ಮ ತಮ್ಮ ಅಲ್ಲಿ ಸತ್ರೆ ಮಾನ ತಗೊಂಡು ಏನು ಮಾಡ್ತೀರಿ? ಗೋಡೆಗೆ ಮೊಳೆ ಹೊಡೆದು ತೂಗು ಹಾಕ್ತೀರಾ?”

ಭಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವನು ಹೊಸ್ತಿಲಿಂದಲೇ ತಿರುಗಿ ಹೋದ. ಆದರೆ ಸಭೆಯ ದಿನ ಬಂದು ಹಿಂದಿನ ಸಾಲಿನಲ್ಲಿ, ತೋಳು ಕಟ್ಟಿಕೊಂಡು ಕೂತ. ಅವನ ಜೊತೆ ಬಂದರಿನ ಇಪ್ಪತ್ತು ಗಂಡಸರು.

ಅದೇ ಉದ್ದನೆಯ ಮೇಜು, ಅದೇ ಕನ್ನಡಕದವನು. ಬಲೆಯಕ್ಕನ ಸರದಿ ಬಂದಾಗ ಅವನು ಹೇಳಿ ಎನ್ನುವಂತೆ ತಲೆಯಾಡಿಸಿದ. “ನೀವು ಬೇಡ,” ಎಂದು ಅವಳು ಆಚೆ ದೇಶದ ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಒಂದೊಂದು ಮಾತೂ ಕಲ್ಲು ಎತ್ತಿಟ್ಟಂತೆ ಬಂತು. ನೀರು ವಿವಾದಿತ ನೀರು ಎಂದಳು. ಎರಡು ನಕ್ಷೆ, ಎರಡು ಗೆರೆ ಎಂದಳು. ಬಲೆ ತೇಲಿತು, ಎಂಜಿನ್ ಆರಿತ್ತು, ಜನ ಮಲಗಿದ್ದರು ಎಂದಳು. ಎದೆನೋವಿನ ಮಾತ್ರೆಯ ಹೆಸರನ್ನು ಹೇಳಿದಳು.

ಆಚೆಯವನು ಪೆನ್ನು ಮೇಲೆತ್ತಿ ಕೇಳಿದ: ನಿಮ್ಮ ಗಂಡನಿಗೆ ಗೆರೆ ಗೊತ್ತಿತ್ತೆಂದು ಹಿಂದಿನ ಸಲ ನೀವೇ ಹೇಳಿದ್ದೀರಲ್ಲ?

ಇಂಗ್ಲಿಷ್ ಬಾರದಿದ್ದರೂ ಕೇಳಿದ್ದು ಏನೆಂದು ಹಿಂದಿನ ಸಾಲಿಗೆ ತಿಳಿದಿತ್ತು. ಬಲೆಯಕ್ಕನ ಕತ್ತಿನ ನರ ಉಬ್ಬಿತು. ಆ ಕ್ಷಣ ಅವಳಿಗೆ ಎಲ್ಲರ ಮೇಲೂ ಸಿಟ್ಟಿತ್ತು, ಬರೆದುಕೊಳ್ಳುವವನ ಮೇಲೆ, ಹಿಂದೆ ತೋಳು ಕಟ್ಟಿ ಕೂತವರ ಮೇಲೆ, ಯಂತ್ರವನ್ನು ಡಬ್ಬಿಯಲ್ಲಿ ಮುಚ್ಚಿಟ್ಟ ಗಂಡನ ಮೇಲೂ.

“ಐ ಟೋಲ್ಡ್ ಎ ಲೈ,” ಎಂದಳು. ಆಮೇಲೆ, “ಹಿ ಲಾಸ್ಟ್ ಹಿಸ್ ವೇ.”

ಅಷ್ಟಕ್ಕೇ ಬಿಡದೆ, ಯಾರೂ ಕೇಳದಿದ್ದರೂ, ತಿರುಗಿ ನಿಂತು ಹಿಂದಿನ ಸಾಲಿಗೆ ನಮ್ಮ ಭಾಷೆಯಲ್ಲೂ ಹೇಳಿದಳು. “ನನ್ನ ಗಂಡನಿಗೆ ದಿಕ್ಕು ತಪ್ತು ಅಂದೆ. ಕೇಳಿಸ್ತಾ ಎಲ್ಲರಿಗೂ?”

ಭಾವ ಎದ್ದು ಹೊರಗೆ ಹೋದ. ಅವನ ಹಿಂದೆ ಇಪ್ಪತ್ತು ಜನವೂ ಹೋದರು. ಆದರೆ ಅದೇ ದೋಣಿಯ ಇನ್ನಿಬ್ಬರ ಹೆಂಡತಿಯರು ಕೂತೇ ಇದ್ದರು. ಅವರ ಸರದಿ ಬಂದಾಗ ತಲೆ ತಗ್ಗಿಸಿ, ನಮ್ಮದೂ ಅದೇ ಎಂದರು.

ಐವರೂ ಎರಡು ತಿಂಗಳಲ್ಲಿ ಬಂದರು. ಅವಳ ಗಂಡ ಅರ್ಧ ಇಳಿದುಹೋಗಿದ್ದ. ಬಂದ ದಿನ ಕೈ ತೊಳೆದು ಉಂಡ, ಮಲಗಿದ. ನಾಲ್ಕನೆಯ ದಿನ ಬಂದರಿಗೆ ಹೋದ. ದೋಣಿಯ ಮಾಲೀಕ ತನ್ನ ಹೊಸ ದೋಣಿಯ ಚುಕ್ಕಾಣಿಯನ್ನು ಬೇರೆಯವನಿಗೆ ಕೊಟ್ಟಿದ್ದ. ಹಗ್ಗ ಎಳೆಯುವ ಕೆಲಸವಿದೆ, ಬೇಕಾದರೆ ಬಾ ಎಂದಿದ್ದ. ಯಾರೋ ಹಿಂದಿನಿಂದ, ಅಣ್ಣನಿಗೆ ಮನೆ ಯಾವ ಕಡೆ ಅಂತ ತೋರಿಸಿ ಎಂದು ನಕ್ಕಿದ್ದರು.

ಮನೆಗೆ ಬಂದವನೇ ಚೊಂಬನ್ನು ಗೋಡೆಗೆ ಬೀಸಿ ಒಗೆದ. ಮಾತು ಕಡಿಮೆಯವನಿಗೆ ಅಂದು ಮಾತು ಬಂತು. “ಮೂವತ್ತು ವರ್ಷ ಹಿಡಿದ ಚುಕ್ಕಾಣಿ. ಒಂದೇ ಮಾತಲ್ಲಿ ಮುಳುಗಿಸಿದೆಯಲ್ಲೇ! ಅಲ್ಲೇ ಸಾಯ್ತಿದ್ದೆ, ಬಿಟ್ಟುಬಿಡಬೇಕಿತ್ತು.”

ಬಲೆಯಕ್ಕ ಮದುವೆಯಾದಂದಿನಿಂದ ಗಂಡನನ್ನು ನೀವು ಎನ್ನುತ್ತಿದ್ದವಳು. ಅಂದು ಬಹುವಚನ ಬಿಟ್ಟಳು.

“ಹೌದು, ಅಂದೆ! ನಿನ್ನ ಜಾಣ ಅಂದೆ, ಒಳಗಿಟ್ರು. ದಡ್ಡ ಅಂದೆ, ಬಿಟ್ರು. ಇನ್ನೇನು ಅನ್ಬೇಕಿತ್ತು ಹೇಳು? ನಿನಗೆ ಮಾನ ಬೇಕಿತ್ತು, ಆ ಎರಡು ದೇಶಕ್ಕೆ ನೀರು ಬೇಕಿತ್ತು. ನನಗೆ ಬೇಕಾಗಿದ್ದದ್ದು ಏನು ಅಂತ ಒಬ್ಬನಾದ್ರೂ ಕೇಳಿದ್ನಾ?”

ಅಂದಿನಿಂದ ಅವನು ಅವಳ ಜೊತೆ ಮಾತು ಬಿಟ್ಟ. ಹಗ್ಗ ಎಳೆಯುವ ಕೆಲಸಕ್ಕೂ ಹೋಗಲಿಲ್ಲ. ಶೆಡ್ಡಿಗೆ ಬಂದು ಮೂಲೆಯಲ್ಲಿ ಕೂತು, ಅವಳ ಸೂಜಿಗಳಿಗೆ ನೂಲು ಸುತ್ತಿ ಕೊಡುತ್ತಿದ್ದ. ಕೊಡುವಾಗಲೂ ಮುಖ ನೋಡುತ್ತಿರಲಿಲ್ಲ. ಕೊಟ್ಟ ಊರಿನಿಂದ ಮಗಳು ಬಂದಾಗ ಇಬ್ಬರ ನಡುವೆ ಸುದ್ದಿ ಸಾಗಿಸಿ ಸಾಗಿಸಿ ಸುಸ್ತಾಗಿ, ನೀವೇ ಸಮಿತಿ ಮಾಡ್ಕೊಳ್ಳಿ ಎಂದಳು.

ಹೀಗಿರುವಾಗ ಇನ್ನೊಂದು ದೋಣಿ ಸಿಕ್ಕಿಬಿತ್ತು. ಏಳು ಜನ. ಒಂದು ಮಧ್ಯಾಹ್ನ ಬಂದರಿನ ಗಂಡಸರು ಹತ್ತಾರು ಮಂದಿ ಶೆಡ್ಡಿನ ಬಾಗಿಲಲ್ಲಿ ನಿಂತರು. ಸಭೆಯಿಂದ ಎದ್ದು ಹೋದವರೇ. ಭಾವನೂ ಇದ್ದ. ಅಂದು ಬಂದರಿನಲ್ಲಿ ನಕ್ಕವರೂ ಇದ್ದರು.

“ಸಮಿತಿ ಮುಂದೆ ನೀನೇ ಮಾತಾಡ್ಬೇಕಕ್ಕ,” ಎಂದು ಒಬ್ಬ ಅಂದ.

ಬಲೆಯಕ್ಕ ಸೂಜಿ ಕೆಳಗಿಡಲಿಲ್ಲ. “ಸಮಿತಿ ಬರೋ ಹೊತ್ತಿಗೆ ವರ್ಷ ಆಗುತ್ತೆ. ಹಿಡಿದ ತಕ್ಷಣ ಹಡಗಿನವರು ಕೇಳ್ತಾರಲ್ಲ, ಅವರು ಬರೆದುಕೊಳ್ಳೋದೇ ಕೊನೆಗೂ ಉಳಿಯೋದು. ಹಿಡಿದೋರ ಕಾಗದ ಬಂದಿದೆ, ಓದಿದೆ. ಏನು ಹೇಳಿದಾನೆ ಗೊತ್ತಾ ಚುಕ್ಕಾಣಿ ಹಿಡಿದಿದ್ದ ನಿಮ್ಮ ಧೀರ? ಈ ನೀರು ನನಗೆ ಅಂಗೈ ಇದ್ದ ಹಾಗೆ ಅಂತ! ನಾನು ಹೋಗಿ ಏನು ಕಿತ್ತುಹಾಕ್ಲಿ? ನೀವೇ ಕಲೀರಿ. ನಾಳೆ ನಿಮ್ಮನ್ನ ಹಿಡಿದಾಗ ಹೇಳೋಕೆ ಇರಲಿ. ಹೇಳಿ, ವಿ ಲಾಸ್ಟ್ ಅವರ್ ವೇ, ಸರ್.”

ಒಬ್ಬ ಕಾಲಿನಿಂದ ಮರಳು ಕೆದರಿದ. ಭಾವ ಸೂರಿನ ತಗಡು ನೋಡುತ್ತಿದ್ದ.

“ಅರ್ಥ ಏನು?” ಎಂದು ಒಬ್ಬ ಕೇಳಿದ, ಗೊತ್ತಿದ್ದೂ.

“ನಮಗೆ ದಿಕ್ಕು ತಪ್ತು ಅಂತ. ಹೇಳ್ರೋ! ನಾಲಿಗೆ ಬಿದ್ದು ಹೋಗಿದೆಯಾ?” ಅವಳು ಸೂಜಿಯನ್ನು ನೆಲಕ್ಕೆ ಅಪ್ಪಳಿಸಿದಳು. “ಜೈಲಿಗೆ ಹೋಗೋಕೆ ಧೈರ್ಯ ಇದೆ, ಒಂದು ಮಾತು ಹೇಳೋಕೆ ಧೈರ್ಯ ಇಲ್ಲ! ಥೂ, ನಿಮ್ಮ ಗಂಡಸ್ತನಕ್ಕಿಷ್ಟು!”

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಗಂಡ ಎದ್ದು ನಿಂತ. ಅವನ ದವಡೆ ಬಿಗಿದಿತ್ತು. ಬಾಗಿಲಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದ, ಅಣ್ಣನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು.

“ವಿ ಲಾಸ್ಟ್ ಅವರ್ ವೇ, ಸರ್,” ಎಂದ. ಉಗಿದಂತೆಯೇ ಹೇಳಿದ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ.

ಮತ್ತೆ ಕೂತು ನೂಲಿನ ತುದಿ ಹುಡುಕತೊಡಗಿದ. ಬಾಗಿಲಲ್ಲಿ ಒಬ್ಬಿಬ್ಬರು ತುಟಿ ಅಲ್ಲಾಡಿಸಿದರು, ಉಳಿದವರು ಇನ್ನೂ ಸುಮ್ಮನಿದ್ದರು. ಆಗ ಅವನು, ಹದಿನೇಳು ದಿನಗಳ ಮೇಲೆ ಮೊದಲ ಸಲ, ಹೆಂಡತಿಯ ಜೊತೆ ಮಾತಾಡಿದ.

“ಇನ್ನೊಂದ್ಸಲ ಹೇಳ್ಕೊಡು. ಹಿಂದೆ ನಿಂತಿರೋರಿಗೆ ಕೇಳಿಸಿಲ್ಲ.”